ಪ್ಲೇಚಾಯ್ಸ್-10: ಕೆಟ್ಟಿರುವುದು ಮೇಸ್ತ್ರಿಯೋ, ಆಟವೋ? ದೋಷ ಹಿಡಿಯುವ ಕ್ರಮ

ನಿಂಟೆಂಡೊ 1986ರಲ್ಲಿ ಅಮೆರಿಕದ ಆರ್ಕೇಡ್‌ಗಳಿಗೆ ಕೊಟ್ಟ ಪ್ಲೇಚಾಯ್ಸ್-10 ಯಂತ್ರದ ಒಳಗೆ ಇರುವುದು ಮನೆಯಲ್ಲಿ ಆಡುವ ಎನ್‌ಇಎಸ್ ಕನ್ಸೋಲೇ. ನಾಣ್ಯ ಹಾಕಿದರೆ ಸಿಗುವುದು ಜೀವವಲ್ಲ, ಸಮಯ. ಸಮಯ ಇರುವ ತನಕ ಹತ್ತು ಸ್ಲಾಟ್‌ಗಳಲ್ಲಿ ಕೂತಿರುವ ಯಾವ ಆಟವನ್ನಾದರೂ ಆಡಬಹುದು, ಬೇಸರವಾದರೆ ನಡುವೆಯೇ ಬದಲಾಯಿಸಬಹುದು. ಈ ಲೆಕ್ಕ ಎನ್‌ಇಎಸ್‌ಗೆ ಗೊತ್ತಿಲ್ಲ. ಅದಕ್ಕಾಗಿ ಅದೇ ಬೋರ್ಡಿನ ಮೇಲೆ ಝಡ್80 ಪ್ರೊಸೆಸರ್ ಇರುವ ಇನ್ನೊಂದು ಕಂಪ್ಯೂಟರ್ ಕೂರಿಸಿದ್ದಾರೆ. ಮೆನು ತೋರಿಸುವುದು, ನಾಣ್ಯ ಎಣಿಸುವುದು, ಗಡಿಯಾರ ಇಳಿಸುವುದು, ಯಾವ ಸ್ಲಾಟಿನ ಆಟ ಓಡಬೇಕು ಎಂದು ಹೇಳುವುದು, ಎನ್‌ಇಎಸ್ ಭಾಗವನ್ನು ರೀಸೆಟ್‌ನಲ್ಲಿ ಹಿಡಿಯುವುದು, ಅಂದರೆ ಓಡದಂತೆ ತಡೆಯುವುದು, ಆಮೇಲೆ ಬಿಡುವುದು, ಎಲ್ಲ ಅದರದೇ ಕೆಲಸ. ಇಲ್ಲಿ ಅದನ್ನು ಮೇಸ್ತ್ರಿ ಎಂದೇ ಕರೆಯೋಣ. ಆಟ ಓಡಿಸುವ ಆರ್‌ಪಿ2ಎ03 ಪ್ರೊಸೆಸರ್ ಮತ್ತು ಆರ್‌ಪಿ2ಸಿ03 ಚಿತ್ರದ ಚಿಪ್, ಅಂದರೆ ಪಿಪಿಯು, ಇವೆರಡೂ ಸೇರಿ ಆಟದ ಭಾಗ.

ರಿಪೇರಿಗೆ ಕೂತವರು ಹೆಚ್ಚಾಗಿ ಎಡವುವುದು ಇಲ್ಲೇ. ಆಟದ ಪರದೆ ಕಪ್ಪಾಗಿದೆ ಎಂದು ಪಿಪಿಯು ಕಿತ್ತು ಬದಲಿಸುತ್ತಾರೆ. ಮೇಸ್ತ್ರಿ ಆಟವನ್ನು ಬಿಟ್ಟೇ ಇಲ್ಲ ಎಂಬುದು ಆಮೇಲೆ ಗೊತ್ತಾಗುತ್ತದೆ. ಯಾವ ಅರ್ಧ ಕೆಟ್ಟಿದೆ ಎಂದು ತೀರ್ಮಾನವಾಗುವ ತನಕ ಸೋಲ್ಡರಿಂಗ್ ಕಡ್ಡಿ ಬಿಸಿಗೆ ಇಡಬೇಡಿ.

ಮೊದಲು ಕರೆಂಟ್

ಯಂತ್ರ ಹುಟ್ಟಿದ್ದು 120 ವೋಲ್ಟ್ ಇರುವ ದೇಶಕ್ಕೆ. ಇಲ್ಲಿನ 230 ವೋಲ್ಟಿಗೆ ನೇರ ಚುಚ್ಚಿದರೆ ಕಥೆ ಮುಗಿಯಿತು. ಎರಡು ಮಾನಿಟರ್ ಇರುವ ಪೆಟ್ಟಿಗೆಗೆ 230 ವೋಲ್ಟನ್ನು 120ಕ್ಕೆ ಇಳಿಸುವ, ಕನಿಷ್ಠ 500 ವಿಎ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಡಿ. ಇದರ ಜೊತೆಗೆ ಪೆಟ್ಟಿಗೆಯ ತಳದಲ್ಲಿ ಮೇನ್ಸಿನಿಂದ ಬೇರ್ಪಡಿಸುವ ಇನ್ನೊಂದು, ಅಂದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಸ್ಯಾನ್ಯೊ ಮಾನಿಟರ್‌ಗಳಿಗೆ 100 ವೋಲ್ಟ್ ಎಸಿ ಕೊಡುತ್ತದೆ. ಹೊರಗೆ ಒಂದು ಟ್ರಾನ್ಸ್‌ಫಾರ್ಮರ್ ಬಂತಲ್ಲ ಎಂದು ಒಳಗಿನದನ್ನು ತೆಗೆದು ಹಾಕುವವರಿದ್ದಾರೆ. ಬೇಡ. ಮಾನಿಟರ್ ಚಾಸಿಗೆ ತನ್ನದೇ ಐಸೊಲೇಶನ್ ಇಲ್ಲ, ಅಂಗಡಿಯಲ್ಲಿ ಸಿಗುವ ಸ್ಟೆಪ್‌ಡೌನ್‌ಗಳಲ್ಲಿ ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್‌ಗಳು, ಅವು ಮೇನ್ಸಿನಿಂದ ಬೇರ್ಪಡಿಸುವುದೂ ಇಲ್ಲ. ಚಾಸಿ ಮುಟ್ಟಿದವರಿಗೆ ಹೊಡೆತ ಖಚಿತ. 50 ಹರ್ಟ್ಸ್, 60 ಹರ್ಟ್ಸ್ ವ್ಯತ್ಯಾಸದಿಂದ ಚಿತ್ರ ಕೆಡುವುದಿಲ್ಲ, ಚಿತ್ರದ ಲಯ ಬೋರ್ಡಿನಿಂದಲೇ ಬರುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಸ್ವಲ್ಪ ಹೆಚ್ಚು ಬಿಸಿಯಾಗುತ್ತದೆ, ಅಷ್ಟೆ. ಮೊದಲ ಅರ್ಧ ಗಂಟೆ ಅದರ ಮೇಲೆ ಕಣ್ಣಿಡಿ.

ಇನ್ನು 5 ವೋಲ್ಟ್. ಸಪ್ಲೈ ಪೆಟ್ಟಿಗೆಯ ಬಾಯಲ್ಲಿ ಅಳೆದು 5.1 ಬಂತು, ಸರಿಯಿದೆ ಎಂದು ಮುಂದೆ ಹೋಗಬೇಡಿ. ಅಳೆಯಬೇಕಾದ ಜಾಗ ಚಿಪ್ಪಿನ ಕಾಲು. ಮೀಟರಿನ ಕಪ್ಪು ಮೊನೆ ಝಡ್80ಯ 29ನೇ ಪಿನ್ನಿಗೆ, ಕೆಂಪು 11ನೇ ಪಿನ್ನಿಗೆ. ಆಮೇಲೆ 2ಎ03ರಲ್ಲಿ ಕಪ್ಪು 20ಕ್ಕೆ, ಕೆಂಪು 40ಕ್ಕೆ. ಎರಡೂ ಕಡೆ 4.95ರಿಂದ 5.10ರ ಒಳಗೆ ಇರಬೇಕು. ಸಪ್ಲೈಯಲ್ಲಿ 5.1 ಇದ್ದು ಚಿಪ್ಪಿನಲ್ಲಿ 4.7 ಬಂದರೆ ನಡುವಿನ ಕನೆಕ್ಟರ್ ಸುಟ್ಟಿದೆ. ಬಿಚ್ಚಿ ನೋಡಿ: 5 ವೋಲ್ಟ್ ಹೋಗುವ ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಪಿನ್ನಿನ ಹೊಳಪು ಹೋಗಿ ಬೂದಿ ಬಳಿದ ಹಾಗೆ ಕಾಣುತ್ತದೆ. ಇಂಥ ಪಿನ್ನನ್ನು ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ. ಸಪ್ಲೈಯ ತಿರುಪು ತಿರುಗಿಸಿ ವೋಲ್ಟೇಜ್ ಏರಿಸುವುದು ಸುಲಭದ ದಾರಿಯಂತೆ ಕಾಣುತ್ತದೆ. ಹಾಗೆ ಮಾಡಿದರೆ ಆ ಪಿನ್ ಇನ್ನಷ್ಟು ಸುಡುತ್ತದೆ. ಒಂದು ದಿನ ಅದು ಸರಿಯಾಗಿ ಕೂತಾಗ ಚಿಪ್ಪುಗಳಿಗೆ 5.4 ಬಡಿಯುತ್ತದೆ.

ಅದೇ ಜಾಗದಲ್ಲಿ ಮೀಟರನ್ನು ಎಸಿಗೆ ತಿರುಗಿಸಿ ಅಲೆ ನೋಡಿ. 50 ಮಿಲಿವೋಲ್ಟ್ ದಾಟಿದರೆ ಸಪ್ಲೈಯ ಕೆಪಾಸಿಟರ್ ಒಣಗಿವೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನದ ಹೊತ್ತಿಗೆ ತಾನೇ ರೀಸೆಟ್ ಆಗುವ ಯಂತ್ರಗಳಲ್ಲಿ ಮೊದಲ ಅನುಮಾನ ಇದರ ಮೇಲೆಯೇ ಇರಲಿ.

ಯಾವ ಅರ್ಧ?

ಎಲ್ಲ ಕಾರ್ಟ್‌ಗಳನ್ನೂ, ಅಂದರೆ ಸ್ಲಾಟುಗಳಲ್ಲಿ ಕೂರುವ ಆಟದ ಬೋರ್ಡುಗಳನ್ನು, ಕಿತ್ತು, ಒಂದನ್ನು ಮಾತ್ರ ಹಾಕಿ. ಆ ಒಂದು ಸೂಪರ್ ಮಾರಿಯೊ ಬ್ರದರ್ಸ್ ಆಗಿದ್ದರೆ ಒಳ್ಳೆಯದು. ಅದರಲ್ಲಿ 32 ಕಿಲೋಬೈಟ್ ಪ್ರೋಗ್ರಾಮ್ ಆರ್‌ಒಎಂ, 8 ಕಿಲೋಬೈಟ್ ಚಿತ್ರದ ಆರ್‌ಒಎಂ ಬಿಟ್ಟರೆ ಬ್ಯಾಂಕ್ ಬದಲಿಸುವ, ಅಂದರೆ ನೆನಪಿನ ತುಂಡುಗಳನ್ನು ಸರದಿಯಂತೆ ತೋರಿಸುವ, ಗೊಡವೆ ಏನೂ ಇಲ್ಲ. ಅದು ಓಡದಿದ್ದರೆ ದೋಷ ಕಾರ್ಟಿನ ಜಾಣತನದಲ್ಲಂತೂ ಇಲ್ಲ. ಒಂದು ಮಾತು: ಇಲ್ಲಿ ಆರ್‌ಒಎಂ ಎಂದರೆ ಓದಲು ಮಾತ್ರ ಆಗುವ ನೆನಪು, ಆರ್‌ಎಎಂ ಎಂದರೆ ಬರೆಯಲೂ ಆಗುವ ನೆನಪು.

ಈಗ ಆನ್ ಮಾಡಿ. ಮೆನು ಸ್ಪಷ್ಟವಾಗಿ ಬಂದು, ಆಟ ಬಾರದಿದ್ದರೆ ಮೇಸ್ತ್ರಿ ಬಹುಪಾಲು ಸರಿಯಿದ್ದಾನೆ. ಹುಡುಕಾಟ ಆಟದ ಭಾಗದಲ್ಲಿ. ಮೆನುವೂ ಇಲ್ಲ, ಆಟವೂ ಇಲ್ಲ ಎಂದರೆ ಆಟದ ಭಾಗವನ್ನು ಮುಟ್ಟಲೇಬೇಡಿ, ಮೇಸ್ತ್ರಿ ಎದ್ದ ಮೇಲೆ ಅದನ್ನು ನೋಡೋಣ. ಎರಡು ಮಾನಿಟರ್ ಇರುವ ಪೆಟ್ಟಿಗೆಯಲ್ಲಿ ಮೇಲಿನದು ಮೆನು ಮತ್ತು ಸಮಯಕ್ಕೆ, ಕೆಳಗಿನದು ಆಟಕ್ಕೆ. ಒಂದರಲ್ಲಿ ಮಾತ್ರ ಚಿತ್ರ ಇಲ್ಲದಿದ್ದರೆ ಬೋರ್ಡಿನ ಕಡೆಯ ವಿಡಿಯೊ ತಂತಿಗಳನ್ನು ಅದಲು ಬದಲು ಮಾಡಿ. ದೋಷ ತಂತಿಯ ಜೊತೆ ಇನ್ನೊಂದು ಪರದೆಗೆ ಹೋದರೆ ಬೋರ್ಡು, ಅಲ್ಲೇ ಉಳಿದರೆ ಮಾನಿಟರ್. ಎರಡು ನಿಮಿಷದ ಕೆಲಸ. ಇದನ್ನು ಬಿಟ್ಟು ವಾರ ಕಳೆಯುವವರಿದ್ದಾರೆ.

ಒಂದೇ ಮಾನಿಟರ್ ಇರುವ ಮಾದರಿಯಲ್ಲಿ ಎರಡೂ ಚಿತ್ರ ಒಂದೇ ಪರದೆಗೆ ಸರದಿಯಂತೆ ಬರುತ್ತವೆ. ಅದರ ಬಯಾಸ್, ಅಂದರೆ ಮೇಸ್ತ್ರಿಯ ಮೂಲ ಪ್ರೋಗ್ರಾಮ್, ಬೇರೆ. ಎರಡು ಮಾನಿಟರ್ ಬೋರ್ಡನ್ನು ಒಂಟಿ ಮಾನಿಟರ್ ಪೆಟ್ಟಿಗೆಗೆ ಹಾಕಿ, ಆಟಕ್ಕೂ ಮೆನುಗೂ ಬದಲಾಗುತ್ತಿಲ್ಲ ಎಂದು ಹಾರ್ಡ್‌ವೇರ್ ಹುಡುಕುವ ಮುಂಚೆ ಬೋರ್ಡಿನ ಮೇಲೆ 8ಟಿ ಎಂದು ಗುರುತಿರುವ ಜಾಗದ ಆರ್‌ಒಎಂನ ಚೀಟಿ ಓದಿ, ಬಯಾಸ್ ಇರುವುದು ಅದರಲ್ಲೇ.

ಮೇಸ್ತ್ರಿ ಎದ್ದಿಲ್ಲ

ಝಡ್80ಯ 6ನೇ ಪಿನ್ನಿನಲ್ಲಿ 4 ಮೆಗಾಹರ್ಟ್ಸ್ ಕ್ಲಾಕ್, ಅಂದರೆ ಚಿಪ್ ಓಡಿಸುವ ಮಿಡಿತ, ಬರಬೇಕು. 26ನೇ ಪಿನ್, ರೀಸೆಟ್: ಆನ್ ಮಾಡಿದ ಕ್ಷಣ ಕೆಳಗೆ, ಅಂದರೆ ಸೊನ್ನೆ ವೋಲ್ಟಿನ ಹತ್ತಿರ ಇದ್ದು, ಆಮೇಲೆ ಮೇಲೆ, 5 ವೋಲ್ಟಿನ ಹತ್ತಿರಕ್ಕೆ ಏರಿ ಅಲ್ಲೇ ನಿಲ್ಲಬೇಕು. ಇದು ಒಂದೇ ಸಮನೆ ಮೇಲೆ ಕೆಳಗೆ ಬಡಿಯುತ್ತಿದ್ದರೆ ಕಾವಲು ಸರ್ಕ್ಯೂಟ್, ಅಂದರೆ ವಾಚ್‌ಡಾಗ್, ಪದೇ ಪದೇ ರೀಸೆಟ್ ಹೊಡೆಯುತ್ತಿದೆ. ವಾಚ್‌ಡಾಗ್ ಕೆಟ್ಟಿದೆ ಎಂದುಕೊಂಡು ಅದನ್ನೇ ಹಿಡಿದು ಕೂರಬೇಡಿ, ಪ್ರೋಗ್ರಾಮ್ ಓಡುತ್ತಿಲ್ಲವಾದ್ದರಿಂದ ಅದು ಬೊಗಳುತ್ತಿದೆ.

ಓಡದಿರಲು ಕಾರಣಗಳು, ಸಿಗುವ ಸಂಭವದ ಕ್ರಮದಲ್ಲಿ: 8ಟಿ ಬಯಾಸ್, ಕೆಲಸದ ಆರ್‌ಎಎಂ, ಡೇಟಾ ಬಸ್ಸಿನ (ಚಿಪ್ಪುಗಳ ನಡುವೆ ಡೇಟಾ ಸಾಗುವ ತಂತಿಗಳ) ಬಫರ್ ಚಿಪ್, ಕೊನೆಗೆ ಝಡ್80. ಬಯಾಸ್ 16 ಕಿಲೋಬೈಟಿನದು, 27128 ಜಾತಿ. ಸಾಕೆಟ್ಟಿನಿಂದ ಎತ್ತಿ, ಕಾಲುಗಳನ್ನು ನೋಡಿ. ಕಪ್ಪಗಾದ ಬೆಳ್ಳಿ ಲೇಪದ ಕಾಲಿದ್ದರೆ ಫೈಬರ್ ಪೆನ್ನಿನಿಂದ ಹಗುರವಾಗಿ ಉಜ್ಜಿ, 99 ಪ್ರತಿಶತ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಮತ್ತೆ ಕೂರಿಸಿ. ಆಮೇಲೆ ಚಿಪ್ ಓದುವ ರೀಡರ್ ಯಂತ್ರದಲ್ಲಿ ಓದಿ ಸರಿಯಾದ ಪ್ರತಿಯೊಂದಿಗೆ ಹೋಲಿಸಿ. ಮೂರು ಸಲ ಓದಿ. ಮೂರೂ ಸಲ ಬೇರೆ ಬೇರೆ ಬಂದರೆ ಚಿಪ್ ಸಾಯುತ್ತಿದೆ. ಇಪಿಆರ್‌ಒಎಂ ಎಂದರೆ ಗಾಜಿನ ಕಿಟಕಿಯ ಮೂಲಕ ಬೆಳಕಿನಿಂದ ಅಳಿಸಬಹುದಾದ ಆರ್‌ಒಎಂ; ಕಿಟಕಿಯ ಮೇಲಿನ ಚೀಟಿ ಉದುರಿಹೋಗಿ ಎಷ್ಟೋ ವರ್ಷ ಬೆಳಕಿಗೆ ಬಿದ್ದ ಇಂಥ ಚಿಪ್ಪುಗಳಲ್ಲಿ ಇದು ಸಾಮಾನ್ಯ.

ಆರ್‌ಎಎಂಗಳು 2 ಕಿಲೋಬೈಟಿನ ಸ್ಟ್ಯಾಟಿಕ್ ಜಾತಿ, 6116 ಹೊಂದುತ್ತದೆ. ಕೊಳ್ಳುವಾಗ ಅಗಲ ನೋಡಿ: 24 ಕಾಲಿನ 6116 0.3 ಇಂಚಿನಲ್ಲೂ ಸಿಗುತ್ತದೆ, 0.6 ಇಂಚಿನಲ್ಲೂ ಸಿಗುತ್ತದೆ. ಮೇಸ್ತ್ರಿಯ ಪಾಲಿನ ಇಂಥ ಒಂದು ಆರ್‌ಎಎಂಗೆ ಬ್ಯಾಟರಿಯ ಬೆಂಬಲ ಇದೆ, ಲೆಕ್ಕಪತ್ರ ಉಳಿಯುವುದು ಅದರಲ್ಲಿ. ಬ್ಯಾಟರಿ ಸೋರಿದ್ದರೆ ಮಿಕ್ಕೆಲ್ಲ ಬಿಟ್ಟು ಮೊದಲು ಅದನ್ನು ತೆಗೆಯಿರಿ. ಸೋರಿಕೆಯ ಕೆಳಗೆ ಹಸಿರುಗಟ್ಟಿದ ಗೆರೆಗಳು ಕಣ್ಣಿಗೆ ಅಖಂಡವಾಗಿ ಕಂಡರೂ ಮೀಟರಿಗೆ ತುಂಡಾಗಿರುತ್ತವೆ, ಒಂದೊಂದನ್ನೂ ಬೀಪ್ ಮಾಡಿ, ಅಂದರೆ ದಾರಿ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಸ್ಥಾನದಲ್ಲಿ ಇಟ್ಟು, ನೋಡಲೇಬೇಕು.

ಮೆನು ಬರುತ್ತದೆ, ಆದರೆ ಅಕ್ಷರದ ಬಣ್ಣ ತಪ್ಪು ಅಥವಾ ಅಕ್ಷರದ ಅರ್ಧ ಮಾಯ ಎಂದರೆ ಅದು ಬೇರೆ ಕಥೆ, ಮತ್ತು ಸುಲಭದ್ದು. ಮೆನುವಿನ ಅಕ್ಷರಗಳು 8ಕೆ, 8ಎಂ, 8ಪಿ ಎಂಬ ಮೂರು ಆರ್‌ಒಎಂಗಳಲ್ಲಿ ಹಂಚಿಕೊಂಡಿವೆ, ಒಂದೊಂದರಲ್ಲಿ ಒಂದು ಪದರ. ಒಂದು ಹೋದರೆ ಅಕ್ಷರ ಪೂರ್ತಿ ಹೋಗುವುದಿಲ್ಲ, ಮೂರರಲ್ಲಿ ಒಂದು ಪದರ ಕಳಚುತ್ತದೆ. ಆಕಾರ ಕೆಟ್ಟಿದ್ದರೆ ಈ ಮೂರನ್ನು ನೋಡಿ. ಆಕಾರ ಸರಿಯಿದ್ದು ಬಣ್ಣ ಮಾತ್ರ ತಪ್ಪಿದ್ದರೆ 6ಡಿ, 6ಇ, 6ಎಫ್ ಜಾಗದಲ್ಲಿರುವ 82ಎಸ್129 ಬಣ್ಣದ ಪಿಆರ್‌ಒಎಂಗಳನ್ನು (ಒಮ್ಮೆ ಮಾತ್ರ ಬರೆಯಬಹುದಾದ ಆರ್‌ಒಎಂ) ನೋಡಿ.

ಮೆನು ಇದೆ, ಆಟ ಪಟ್ಟಿಯಲ್ಲಿಲ್ಲ

ಕಾರ್ಟಿನ ಮೇಲೆ ಆಟದ ಆರ್‌ಒಎಂಗಳ ಜೊತೆಗೆ ಇನ್ನೆರಡು ಇವೆ: ಆಟದ ಹೆಸರು ಮತ್ತು ಆಡುವ ಸೂಚನೆ ಇರುವ 8 ಕಿಲೋಬೈಟಿನ ಇಪಿಆರ್‌ಒಎಂ, ಮತ್ತು ಆರ್‌ಪಿ5ಎಚ್01 ಎಂಬ ಪುಟ್ಟ ಚಿಪ್. ಹೆಸರು ಗುಟ್ಟಿನ ರೂಪದಲ್ಲಿ ಬರೆದಿರುತ್ತದೆ, ಬೀಗದ ಕೈ ಆರ್‌ಪಿ5ಎಚ್01ರಲ್ಲಿ. ಎರಡರಲ್ಲಿ ಒಂದು ಸರಿಯಾಗಿ ಓದಲಾಗದಿದ್ದರೂ ಮೇಸ್ತ್ರಿ ಆ ಕಾರ್ಟನ್ನು ಗುರುತಿಸುವುದಿಲ್ಲ. ಆಟದ ಚಿಪ್ಪುಗಳು ಚಿನ್ನದಂತಿದ್ದರೂ ಆಟ ಪಟ್ಟಿಗೆ ಬಾರದು.

ಮೊದಲು ಕಾರ್ಟನ್ನು ಇನ್ನೊಂದು ಸ್ಲಾಟಿಗೆ ಹಾಕಿ. ಅಲ್ಲಿ ಬಂದರೆ ಸ್ಲಾಟಿನ ದೋಷ. ಹತ್ತರಲ್ಲಿ ಮೂರು ನಾಲ್ಕು ಮಾತ್ರ ಬಳಸಿದ ಯಂತ್ರಗಳಲ್ಲಿ ಖಾಲಿ ಬಿದ್ದ ಸ್ಲಾಟುಗಳೇ ಹೆಚ್ಚು ಕೆಡುವುದು, ಕಾರ್ಟಿನ ಉಜ್ಜುವಿಕೆ ಇಲ್ಲದೆ ಧೂಳು, ತುಕ್ಕು ಕೂತಿರುತ್ತದೆ. ಎಲ್ಲೂ ಬಾರದಿದ್ದರೆ ಕಾರ್ಟಿನ ಅಂಚನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಸಂಪರ್ಕದ ಪಟ್ಟಿಗಳ ಮೇಲೆ ಸ್ಲಾಟಿನ ಪಿನ್ ಎಳೆದ ಸಣ್ಣ ಗೀರು ಕಾಣಬೇಕು. ಒಂದು ಪಟ್ಟಿಯ ಮೇಲೆ ಮಾತ್ರ ಗೀರಿಲ್ಲ ಎಂದರೆ ಸ್ಲಾಟಿನಲ್ಲಿ ಆ ಪಿನ್ ಬಗ್ಗಿ ಒಳಗೆ ಹೋಗಿದೆ. ಬಿಳಿ ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಆಲ್ಕೊಹಾಲಿನಿಂದ ಒರೆಸಿ. ಮರಳು ಕಾಗದ ಬೇಡ, ಲೇಪ ಹೋದರೆ ತಾಮ್ರ ಹಸಿರಾಗಲು ಒಂದು ಮಳೆಗಾಲ ಸಾಕು. ಬಾಯಿಂದ ಊದುವುದಂತೂ ಬೇಡವೇ ಬೇಡ. ಊದಿದ ತಕ್ಷಣ ಆಟ ಬರುವುದು ಕಿತ್ತು ಮತ್ತೆ ಹಾಕಿದ್ದರಿಂದ, ಉಗುಳಿನ ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ.

ಅಂಚು ಸರಿಯಿದ್ದೂ ಬಾರದಿದ್ದರೆ ಸೂಚನೆಯ ಇಪಿಆರ್‌ಒಎಂ ಓದಿ ಹೋಲಿಸಿ. ಅದನ್ನು ಹೊಸದಾಗಿ ಬರೆದು ಹಾಕಬಹುದು. ಆರ್‌ಪಿ5ಎಚ್01 ಒಮ್ಮೆ ಮಾತ್ರ ಬರೆಯುವ ಜಾತಿ, ಬೇರೆ ಆಟದ್ದನ್ನು ತಂದು ಹಾಕಿ ಕೆಲಸ ಸಾಗಿಸಲು ನೋಡಬೇಡಿ.

ಪಟ್ಟಿಯಲ್ಲಿದೆ, ಆಟ ಕಪ್ಪು

2ಎ03ರ 3ನೇ ಪಿನ್ನಿನಿಂದ ಶುರು ಮಾಡಿ, ಅದು ರೀಸೆಟ್. ಆಟ ಆರಿಸಿದ ಮೇಲೂ ಕೆಳಗೇ ಇದ್ದರೆ ಮೇಸ್ತ್ರಿ ಬಿಟ್ಟಿಲ್ಲ, ಮೇಸ್ತ್ರಿಯಿಂದ ಬರುವ ರೀಸೆಟ್ ತಂತಿಯ ದಾರಿ ಹಿಡಿದು ಹಿಂದೆ ಹೋಗಿ. ಮೇಲಿದ್ದರೆ 31ನೇ ಪಿನ್ನಿನಲ್ಲಿ 1.79 ಮೆಗಾಹರ್ಟ್ಸ್ ಇದೆಯಾ ನೋಡಿ. ಈ ಕ್ರಮ ಮುಖ್ಯ, ರೀಸೆಟ್ ಹಿಡಿದಿರುವಾಗ 31ರಲ್ಲಿ ಏನೂ ಬರುವುದಿಲ್ಲ, ಅದನ್ನೇ ಮೊದಲು ನೋಡಿದವರು ಚಿಪ್ ಸತ್ತಿದೆ ಎಂದು ಬಿಡುತ್ತಾರೆ. 31 ಸತ್ತಿದ್ದು ರೀಸೆಟ್ ಮೇಲಿದ್ದರೆ 29ನೇ ಪಿನ್ನಿನ 21.477 ಮೆಗಾಹರ್ಟ್ಸ್ ಕ್ಲಾಕ್ ನೋಡಿ. ಇದಕ್ಕೆ ಅಲೆಯನ್ನು ಪರದೆಯಲ್ಲಿ ತೋರಿಸುವ ಆಸಿಲೊಸ್ಕೋಪ್ ಬೇಕು, ಅಗ್ಗದ ಲಾಜಿಕ್ ಪ್ರೋಬ್ ಇಷ್ಟು ವೇಗವನ್ನು ಹಿಡಿಯದೆ ಸುಳ್ಳು ಹೇಳುತ್ತದೆ.

ಪ್ರೊಸೆಸರ್ ಓಡುತ್ತಿದೆ, ಹಿನ್ನೆಲೆಯಲ್ಲಿ ಸಂಗೀತವೂ ಕೇಳುತ್ತಿದೆ, ಚಿತ್ರವಿಲ್ಲ ಎಂದರೆ ಆಗ ಪಿಪಿಯು ಕಡೆ ತಿರುಗಿ. ಅದರ 18ರಲ್ಲಿ ಕ್ಲಾಕ್, 22ರಲ್ಲಿ ರೀಸೆಟ್ ಮೇಲೆ. ಇದರ ರೀಸೆಟ್ಟೂ ಮೇಸ್ತ್ರಿಯ ಕೈಯಲ್ಲೇ ಇದೆ, ಪ್ರೊಸೆಸರಿನದಕ್ಕಿಂತ ಬೇರೆ ತಂತಿ.

ಚಿತ್ರ ಬಂದು ಕಸ ಕಸವಾಗಿದ್ದರೆ ಪರದೆಯೇ ದೋಷ ಹೇಳುತ್ತದೆ, ಓದಲು ಬರಬೇಕು ಅಷ್ಟೆ. ಮಾರಿಯೊ, ಆಮೆ ಇಂಥ ಓಡಾಡುವ ಗೊಂಬೆಗಳು ಸರಿಯಿದ್ದು ಇಟ್ಟಿಗೆ, ಮೋಡ, ಅಂಕಿಗಳು ಜಾಗ ತಪ್ಪಿದ್ದರೆ ಪಿಪಿಯುವಿನ 2 ಕಿಲೋಬೈಟ್ ಆರ್‌ಎಎಂ. ಹಿನ್ನೆಲೆಯ ನಕ್ಷೆ ಆ ಆರ್‌ಎಎಂನಲ್ಲಿ ಇರುತ್ತದೆ, ಗೊಂಬೆಗಳ ಜಾಗದ ಪಟ್ಟಿ ಪಿಪಿಯು ಹೊಟ್ಟೆಯೊಳಗೇ ಇರುತ್ತದೆ, ಹಾಗಾಗಿ ಅದಕ್ಕೆ ಇದರ ಪೆಟ್ಟು ತಾಗುವುದಿಲ್ಲ. ಗೊಂಬೆಯೂ ಹಿನ್ನೆಲೆಯೂ ಒಂದೇ ಬಗೆಯಲ್ಲಿ ಚೂರಾಗಿದ್ದರೆ ಚಿತ್ರದ ಡೇಟಾ ಬರುವ ದಾರಿ ಕೆಟ್ಟಿದೆ. ಒಂದೇ ಆಟದಲ್ಲಿ ಹಾಗಿದ್ದರೆ ಕಾರ್ಟ್. ಎಲ್ಲ ಆಟಗಳಲ್ಲೂ ಇದ್ದರೆ ಪಿಪಿಯು ಪಕ್ಕದ 74ಎಲ್‌ಎಸ್373 ಲ್ಯಾಚ್ ಅಥವಾ ಸ್ಲಾಟುಗಳಿಗೆ ಹೋಗುವ ಬಫರ್. ಕ್ಯಾಸಲ್‌ವೇನಿಯಾ, ಕಾಂಟ್ರಾ ತರಹದ ಕಾರ್ಟ್‌ಗಳಲ್ಲಿ ಇನ್ನೊಂದು ತಿರುವಿದೆ: ಅವುಗಳಲ್ಲಿ ಚಿತ್ರದ ಚೂರುಗಳಿಗೆ ಆರ್‌ಒಎಂ ಇಲ್ಲ, ಕಾರ್ಟಿನ ಮೇಲೆಯೇ 8 ಕಿಲೋಬೈಟ್ ಆರ್‌ಎಎಂ ಇದೆ, ಪ್ರೋಗ್ರಾಮ್ ಅದಕ್ಕೆ ಚಿತ್ರ ತುಂಬುತ್ತದೆ. ಮಾರಿಯೊ ಚೆಂದ, ಕಾಂಟ್ರಾ ಕಸ ಎಂದರೆ ಆ ಆರ್‌ಎಎಂ ಮೇಲೆ ಬೆರಳಿಟ್ಟು ನೋಡಿ. ಪಕ್ಕದ ಚಿಪ್ಪಿಗಿಂತ ಸುಡುವಷ್ಟು ಬಿಸಿಯಿದ್ದರೆ ಬೇರೆ ಪುರಾವೆ ಬೇಕಿಲ್ಲ.

ಆಕಾರ ಎಲ್ಲ ಸರಿ, ಆಕಾಶ ಮಾತ್ರ ಹಸಿರು, ಮಾರಿಯೊ ನೇರಳೆ? ಯಾರೋ ನಿಂಟೆಂಡೊದ ವಿಎಸ್ ಸಿಸ್ಟಮ್ ಯಂತ್ರದ 2ಸಿ04 ಪಿಪಿಯು ತಂದು ಹಾಕಿದ್ದಾರೆ. ಕಾಲುಗಳು ಹೊಂದುತ್ತವೆ, ಆದರೆ ನಕಲು ತಡೆಯಲೆಂದು ಅದರ ಬಣ್ಣಗಳ ಪಟ್ಟಿಯನ್ನು ಕಲಸಿಟ್ಟಿದ್ದಾರೆ. ಮನೆಯ ಎನ್‌ಇಎಸ್‌ನ 2ಸಿ02 ಕೂಡ ಇಲ್ಲಿ ನಡೆಯುವುದಿಲ್ಲ, ಅದು ಕೊಡುವುದು ಎಲ್ಲ ಬಣ್ಣ ಒಂದೇ ತಂತಿಯಲ್ಲಿ ಬೆರೆತ ಕಾಂಪೋಸಿಟ್ ಸಿಗ್ನಲ್, ಇಲ್ಲಿ ಬೇಕಿರುವುದು ಬಿಡಿ ಬಿಡಿ ಕೆಂಪು, ಹಸಿರು, ನೀಲಿ, ಅಂದರೆ ಆರ್‌ಜಿಬಿ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಲ್ಲಿ ಇದ್ದ "ಟಿವಿ ವಿಡಿಯೊ ಗೇಮ್" ಡಬ್ಬಿಗಳು ಇದೇ ವಂಶದ ನಕಲುಗಳಾದರೂ ಅವುಗಳ ಚಿಪ್ಪೂ ಅದೇ ಕಾರಣಕ್ಕೆ ಉಪಯೋಗಕ್ಕೆ ಬಾರದು.

ಮಾನಿಟರ್, ಸದ್ದು

ಬೋರ್ಡನ್ನು ಬೇರೆ ಆರ್‌ಜಿಬಿ ಮಾನಿಟರಿಗೆ ಜೋಡಿಸಿದಾಗ ಫೋಟೊದ ನೆಗೆಟಿವ್‌ನಂತೆ ಕಂಡರೆ ಅದು ದೋಷವಲ್ಲ. ಸ್ಯಾನ್ಯೊ ಮಾನಿಟರುಗಳಿಗೆ ಬೇಕಿರುವುದು ಬೆಳಕು ಕತ್ತಲೆ ಅದಲು ಬದಲಾದ ವಿಡಿಯೊ, ಬೋರ್ಡು ಕೊಡುವುದೂ ಅದನ್ನೇ. ನಡುವೆ ಅದನ್ನು ಮತ್ತೆ ತಿರುಗಿಸುವ ಒಂದು ವಿಡಿಯೊ ಇನ್ವರ್ಟರ್ ಬೋರ್ಡ್ ಬೇಕು. ಸ್ಯಾನ್ಯೊದ ಸದ್ದಿನ ಆಂಪ್ಲಿಫೈಯರ್ ಮಾನಿಟರ್ ಚಾಸಿಯ ಮೇಲೆಯೇ ಇದೆ ಎಂಬುದನ್ನೂ ಮರೆಯಬೇಡಿ. ಮಾನಿಟರ್ ಬದಲಿಸಿದ ದಿನವೇ ಸದ್ದೂ ಹೋಯಿತು ಎಂದರೆ ಬೋರ್ಡ್ ಬಿಚ್ಚುವ ಅಗತ್ಯವಿಲ್ಲ, ಬೇರೆ ಆಂಪ್ಲಿಫೈಯರ್ ಹಾಕಿ.

ಸದ್ದು ಅರ್ಧ ಮಾತ್ರ ಬರುವ ದೋಷ ಇನ್ನೂ ಸ್ವಾರಸ್ಯದ್ದು. 2ಎ03ರ 1ನೇ ಪಿನ್ನಿನಿಂದ ರಾಗ ನುಡಿಸುವ ಎರಡು ಪಲ್ಸ್ ದನಿಗಳು, 2ನೇ ಪಿನ್ನಿನಿಂದ ಕೆಳದನಿ, ತಾಳದ ಸರಸರ ಸದ್ದು ಮತ್ತು ಧ್ವನಿ ತುಣುಕುಗಳು ಬರುತ್ತವೆ. ರಾಗ ಮಾಯವಾಗಿ ತಾಳ ಉಳಿದಿದ್ದರೆ 1ರ ದಾರಿ. ತಾಳ ಹೋಗಿ ರಾಗ ತೆಳ್ಳಗೆ ಕೇಳಿದರೆ 2ರ ದಾರಿ. ಬಹಳ ಸಲ ಸಿಗುವುದು ಆ ದಾರಿಯ ಒಂದು ರೆಸಿಸ್ಟರಿನ ಡ್ರೈ ಸೋಲ್ಡರ್, ಅಂದರೆ ಸರಿಯಾಗಿ ಹಿಡಿಯದ ಬೆಸುಗೆ.

ಪರದೆಯ ನಡುವೆ ಒಂದೇ ಅಡ್ಡಗೆರೆ, ಎತ್ತರ ಕುಗ್ಗಿದ ಚಿತ್ರ, ತಟ್ಟಿದರೆ ಬರುವ ಬಣ್ಣ, ಇವೆಲ್ಲ ಊರಿನ ಹಳೆಯ ಟಿವಿ ಮೆಕ್ಯಾನಿಕ್‌ಗೆ ನೀರು ಕುಡಿದಷ್ಟು ಸಲೀಸು: ವರ್ಟಿಕಲ್ ಭಾಗದ ಕೆಪಾಸಿಟರ್, ಎಲ್‌ಓಟಿ (ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್) ಸುತ್ತಲಿನ ಬಿರುಕು ಬಿಟ್ಟ ಸೋಲ್ಡರ್, ಟ್ಯೂಬಿನ ಕುತ್ತಿಗೆಯ ಬೋರ್ಡ್. ಆಫ್ ಮಾಡಿದ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ, ಆನೋಡಿನ, ಅಂದರೆ ಟ್ಯೂಬಿನ ಹೆಚ್ಚಿನ ವೋಲ್ಟೇಜ್ ತುದಿಯ, ಚಾರ್ಜನ್ನು ಚಾಸಿಗೆ ಹರಿಸದೆ ಕೈ ಹಾಕಬೇಡಿ.

ಗುಂಡಿ ಒತ್ತಿದರೆ ಏನೂ ಆಗದು

ಸಮಯ ಎಷ್ಟಿದೆ ಎಂದು ನೋಡಿ. ಸೊನ್ನೆ ಇದ್ದರೆ ಆಟ ತನ್ನಷ್ಟಕ್ಕೆ ಪ್ರದರ್ಶನ ಓಡಿಸುತ್ತಿರುತ್ತದೆ, ಗುಂಡಿಗಳನ್ನು ಮೇಸ್ತ್ರಿ ಬೇಕೆಂದೇ ಮುಚ್ಚಿಟ್ಟಿರುತ್ತಾನೆ. ನಾಣ್ಯದ ಮೈಕ್ರೊಸ್ವಿಚ್ಚಿನ ಕಡ್ಡಿಯನ್ನು ಬೆರಳಿನಿಂದ ಒತ್ತಿ ಸಮಯ ಏರಿಸಿ, ಆಮೇಲೆ ಮಾತು. ಕಡ್ಡಿ ಒತ್ತಿದರೂ ಏರದಿದ್ದರೆ ಸ್ವಿಚ್ಚಿನ ಎರಡು ತುದಿಗಳನ್ನು ಬೀಪ್ ಮಾಡಿ. ಒತ್ತದೆಯೇ ಬೀಪ್ ಬರುತ್ತಿದ್ದರೆ ಅಂಟಿಕೊಂಡಿದೆ.

ಸಮಯ ಇದ್ದೂ ಒಂದು ಗುಂಡಿ ಸತ್ತಿದ್ದರೆ ಆ ಸ್ವಿಚ್ಚು ಅಥವಾ ಅದರ ತಂತಿ. ಒಬ್ಬ ಆಟಗಾರನ ಎಲ್ಲ ಗುಂಡಿಗಳೂ ಒಟ್ಟಿಗೆ ಸತ್ತಿದ್ದರೆ ಎಲ್ಲದಕ್ಕೂ ಸಾಮಾನ್ಯವಾದ ಗ್ರೌಂಡ್ ತಂತಿ, ಅದು ಒಂದು ಗುಂಡಿಯಿಂದ ಇನ್ನೊಂದಕ್ಕೆ ಸರದಂತೆ ಹೋಗುತ್ತದೆ. ಸರ ಎಲ್ಲಿ ಕಡಿದಿದೆಯೋ ಅಲ್ಲಿಂದ ಮುಂದಿನವೆಲ್ಲ ಸಾಯುತ್ತವೆ, ಹಿಂದಿನವು ಬದುಕಿರುತ್ತವೆ.

ಬಂದೂಕಿನ ಆಟಗಳಲ್ಲಿ ಗುರಿ ತಾಗುತ್ತಿಲ್ಲ ಎಂದರೆ ಮೊದಲು ಪರದೆಯ ಬೆಳಕು ಏರಿಸಿ. ಗುಂಡು ಹೊಡೆದಾಗ ಪರದೆ ಒಂದು ಕ್ಷಣ ಕಪ್ಪಾಗಿ ಗುರಿಯ ಜಾಗ ಬಿಳಿ ಚೌಕವಾಗುತ್ತದೆ, ಬಂದೂಕು ನೋಡುವುದು ಆ ಬಿಳಿಯನ್ನು. ಸವೆದ ಟ್ಯೂಬಿನಲ್ಲಿ ಅದು ಬೂದು ಬಣ್ಣಕ್ಕೆ ಇಳಿದಿರುತ್ತದೆ. ಎಲ್‌ಸಿಡಿ ಹಾಕಿದ ಪೆಟ್ಟಿಗೆಯಲ್ಲಿ ಎಷ್ಟು ಏರಿಸಿದರೂ ತಾಗದು, ಚಿತ್ರ ತಡವಾಗಿ ಬರುತ್ತದೆ. ಟ್ಯೂಬ್ ವಾಪಸ್ ಬರುವ ತನಕ ಆ ಕಾರ್ಟ್‌ಗಳನ್ನು ಸ್ಲಾಟಿನಿಂದ ತೆಗೆದಿಡಿ.

ಬೋರ್ಡು ಕೊಳ್ಳುವವರು

ದೋಷವಿರುವ ಬೋರ್ಡು ಅಗ್ಗಕ್ಕೆ ಸಿಕ್ಕಾಗ ಫೋಟೊದಲ್ಲಿ ಪಿಪಿಯು ಸಾಕೆಟ್ ನೋಡಿ. ಆರ್‌ಜಿಬಿ ಕೊಡುವ 2ಸಿ03 ಚಿಪ್ಪನ್ನು ಮನೆಯ ಕನ್ಸೋಲುಗಳಿಗೆ ಹಾಕಲು ಕೀಳುವ ಹವ್ಯಾಸ ಬಹಳ ವರ್ಷಗಳಿಂದ ಇದೆ, ಅದಕ್ಕಾಗಿಯೇ ಎಷ್ಟೋ ಒಳ್ಳೆಯ ಬೋರ್ಡುಗಳು ಬರಿದಾಗಿವೆ. ಸಾಕೆಟ್ ಖಾಲಿಯಿದ್ದರೆ ಆ ಚಿಪ್ಪಿನ ಬೆಲೆಯನ್ನು ಮೊದಲು ವಿಚಾರಿಸಿ. ಚಿಪ್ ಇದ್ದರೂ ಅದರ ಮೇಲಿನ ಬರಹ ಓದುವಷ್ಟು ಹತ್ತಿರದ ಫೋಟೊ ಕೇಳಿ: 2ಸಿ03 ಎಂದಿರಬೇಕು, 2ಸಿ04 ಅಲ್ಲ.